ನಗೆಯ ಗುರಿ: ಮಕ್ಕಳ ಕಥೆಗಳಲ್ಲಿ ರಾಜಕೀಯ ವಿಡಂಬನೆಯ ಬೋಧನೆ

ಕನ್ನಡದ ಮಕ್ಕಳ ಕಥೆಗಳಲ್ಲಿ ಅರಸನೊಬ್ಬನು ಪ್ರವೇಶಿಸಿದನೆಂದರೆ ಅವನು ಸಾಮಾನ್ಯವಾಗಿ ದಯಾಳುವಾಗಿರುತ್ತಾನೆ, ಇಲ್ಲವೇ ಮೂರ್ಖನಾಗಿರುತ್ತಾನೆ. ದಯಾಳು ಅರಸನ ಕಥೆಯನ್ನು ಬೋಧಿಸಲು ವಿಶೇಷ ಸಿದ್ಧತೆ ಬೇಕಾಗದು. ಮೂರ್ಖ ಅರಸನ ಕಥೆಯ ವಿಚಾರ ಹಾಗಲ್ಲ. ಅದನ್ನು ಓದಿದೊಡನೆ ತರಗತಿ ತಾನಾಗಿಯೇ ನಗುತ್ತದೆ. ನಗೆ ಅಡಗಿದ ಮೇಲೆ ಮುಂದೇನು ಎಂಬ ಪ್ರಶ್ನೆ ಶಿಕ್ಷಕರ ಎದುರು ನಿಲ್ಲುತ್ತದೆ. ಬಹುಮಟ್ಟಿಗೆ ರೂಢಿಯಲ್ಲಿರುವ ಉತ್ತರವೆಂದರೆ ಕಪ್ಪುಹಲಗೆಯ ಮೇಲೆ ‘ಕಥೆಯ ನೀತಿ’ ಎಂದು ಬರೆದು, ಮೂರ್ಖರ ಸಹವಾಸ ಕೂಡದು ಎಂದೋ ಅತಿಯಾಸೆ ಒಳ್ಳೆಯದಲ್ಲ ಎಂದೋ ಒಂದು ವಾಕ್ಯವನ್ನು ಮಕ್ಕಳಿಂದ ಬರೆಯಿಸುವುದು. ಮಕ್ಕಳು ವಿಧೇಯತೆಯಿಂದ ಬರೆದುಕೊಳ್ಳುತ್ತಾರೆ. ಆದರೆ ಅವರು ನಕ್ಕದ್ದು ಆ ವಾಕ್ಯಕ್ಕಲ್ಲ. ಅವರಿಗೆ ನಗು ಬಂದದ್ದು ಅರಸನು ತೀರ್ಪು ಕೊಟ್ಟ ರೀತಿಯನ್ನು ಕಂಡು. ಆ ರೀತಿ ಯಾವುದು, ಅದರಲ್ಲಿ ನಗುವಂಥದ್ದು ಏನಿದೆ ಎಂದು ಕೇಳುವುದೇ ಈ ಪಾಠದ ಕೆಲಸ.

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಭಾಗದಲ್ಲಿ ಆರರಿಂದ ಒಂಬತ್ತನೆಯ ತರಗತಿಯವರೆಗೆ ಕನ್ನಡವನ್ನು ಬೋಧಿಸುವ ಶಿಕ್ಷಕ ಬಂಧುಗಳನ್ನು ಮನಸ್ಸಿನಲ್ಲಿರಿಸಿಕೊಂಡು ಈ ಲೇಖನವನ್ನು ಬರೆಯಲಾಗಿದೆ. ಪಠ್ಯಪುಸ್ತಕದ ಯಾವುದೋ ಒಂದು ಪಾಠಕ್ಕೆ ಇದು ಟಿಪ್ಪಣಿಯಲ್ಲ. ಈ ಬಗೆಯ ಯಾವ ಕಥೆ ಬಂದರೂ ಉಪಯೋಗಿಸಿಕೊಳ್ಳಬಹುದಾದ ಒಂದು ಕ್ರಮ.

ಕೆಲವು ಪದಗಳು

ಹಾಸ್ಯ, ವ್ಯಂಗ್ಯ, ಅಣಕ, ಲೇವಡಿ, ವಿಡಂಬನೆ ಎಂಬ ಪದಗಳನ್ನು ನಾವು ಮಾತಿನಲ್ಲಿ ಒಂದರ ಬದಲು ಒಂದನ್ನು ಬಳಸುತ್ತೇವೆ. ತರಗತಿಯಲ್ಲಿ ಅವುಗಳನ್ನು ಬೇರ್ಪಡಿಸಿಕೊಳ್ಳುವುದು ಲೇಸು. ಹಾಸ್ಯಕ್ಕೆ ಗುರಿ ಇರಲೇಬೇಕೆಂದಿಲ್ಲ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿದವನನ್ನು ಕಂಡರೂ ನಗು ಬರುತ್ತದೆ. ಅಣಕವು ಒಬ್ಬರ ಮಾತು, ನಡಿಗೆ, ಮುಖಭಾವಗಳನ್ನು ಅನುಕರಿಸುತ್ತದೆ. ಲೇವಡಿ ವ್ಯಕ್ತಿಯನ್ನು ನೋಯಿಸಲೆಂದೇ ಹುಟ್ಟಿದ್ದು. ವ್ಯಂಗ್ಯದಲ್ಲಿ ಹೇಳಿದ್ದು ಒಂದು, ಸೂಚಿಸಿದ್ದು ಇನ್ನೊಂದು. ವಿಡಂಬನೆಯು ಇವೆಲ್ಲವನ್ನೂ ಬಳಸಿಕೊಳ್ಳಬಹುದಾದರೂ ಅದರ ಕಣ್ಣಿರುವುದು ಒಂದು ನಡವಳಿಕೆಯ ಮೇಲೆ, ಒಂದು ವ್ಯವಸ್ಥೆಯ ಮೇಲೆ. ಅಧಿಕಾರವನ್ನು ಹೇಗೆ ಪಡೆಯುತ್ತಾರೆ, ಹೇಗೆ ಚಲಾಯಿಸುತ್ತಾರೆ, ತಪ್ಪಾದಾಗ ಯಾರ ತಲೆಗೆ ಕಟ್ಟುತ್ತಾರೆ ಎಂಬುದರ ಮೇಲೆ ಆ ಕಣ್ಣು ನೆಟ್ಟರೆ ಅದು ರಾಜಕೀಯ ವಿಡಂಬನೆ. ಪಕ್ಷ, ಚುನಾವಣೆ, ನಾಯಕರ ಹೆಸರು ಇರಬೇಕಾದ್ದಿಲ್ಲ. ಒಂದು ಸಿಂಹ, ಒಂದು ಎತ್ತು, ಎರಡು ನರಿಗಳಿದ್ದರೆ ಸಾಕು.

ಈ ಕೊನೆಯ ಮಾತಿಗೆ ನಿದರ್ಶನ ನಮ್ಮ ನೆರೆಯಲ್ಲೇ ಇದೆ. ಜಹೀರಾಬಾದಿನಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಇನ್ನೂ ಸ್ವಲ್ಪ ಮುಂದುವರಿದರೆ ಸಿಗುವ ಬಸವಕಲ್ಯಾಣವು ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿತ್ತು. ಆ ವಂಶದ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರ ಸುಮಾರಿನಲ್ಲಿ ಕನ್ನಡದಲ್ಲಿ ‘ಪಂಚತಂತ್ರ’ವನ್ನು ಬರೆದನು. ಅದರ ಮೊದಲನೆಯದಾದ ಭೇದ ಪ್ರಕರಣದಲ್ಲಿ ಸಿಂಹ ಮತ್ತು ಎತ್ತಿನ ಸ್ನೇಹವನ್ನು ಆಸ್ಥಾನದ ನರಿ ಕೆಡಿಸುತ್ತದೆ. ಬರೆದವನು ಅರಮನೆಯ ಹೊರಗೆ ನಿಂತ ಕವಿಯಲ್ಲ. ಯುದ್ಧ-ಸಂಧಿಗಳ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ. ನರಿಗಳು ಯಾವ ಕಿವಿಯಲ್ಲಿ ಏನು ಊದುತ್ತವೆ ಎಂಬುದನ್ನು ಅವನು ದಿನನಿತ್ಯ ಕಂಡಿರಲು ಸಾಕು.

ಮೂರ್ಖರ ರಾಜ್ಯ

ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ (1929–1993) ಅವರು ಭಾರತದ ಜನಪದ ಕಥೆಗಳನ್ನು ಇಂಗ್ಲಿಷಿನಲ್ಲಿ ಸಂಕಲಿಸಿ 1991ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೂರ್ಖರ ರಾಜ್ಯದ ಕಥೆಯೊಂದಿದೆ. ಅದು ಕನ್ನಡದ ಕಥೆಯೆಂದೇ ಅಲ್ಲಿ ನಮೂದಾಗಿದೆ. ಎನ್‌ಸಿಇಆರ್‌ಟಿ 2006ರಲ್ಲಿ ಹೊರತಂದ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪೂರಕ ವಾಚನ ಪುಸ್ತಕದಲ್ಲಿಯೂ ಅದು ಸೇರಿತು. ಹೀಗಾಗಿ ದೇಶದ ಅಸಂಖ್ಯ ಮಕ್ಕಳು ಕನ್ನಡದ ಕಥೆಯೊಂದನ್ನು ಇಂಗ್ಲಿಷಿನಲ್ಲಿ ಓದಿ ನಕ್ಕಿದ್ದಾರೆ. ನಮ್ಮ ಮಕ್ಕಳು ಅದನ್ನು ಕನ್ನಡದಲ್ಲಿ ಕೇಳಬೇಕಾದ್ದು ನ್ಯಾಯವೇ ಸರಿ.

ಕಥೆಯ ಸಂಗತಿ ಹೀಗಿದೆ. ಒಂದು ರಾಜ್ಯದ ಅರಸ ಮತ್ತು ಮಂತ್ರಿ ಇಬ್ಬರೂ ಮೂರ್ಖರು. ತಮ್ಮ ಆಳ್ವಿಕೆ ಇತರರ ಆಳ್ವಿಕೆಯಂತಿರಬಾರದೆಂದು ಅವರು ಹಗಲನ್ನು ರಾತ್ರಿಯೆಂದೂ ರಾತ್ರಿಯನ್ನು ಹಗಲೆಂದೂ ಸಾರುತ್ತಾರೆ; ಮೀರಿದವರಿಗೆ ಮರಣದಂಡನೆ. ಪ್ರಜೆಗಳು ಕತ್ತಲೆಯಲ್ಲಿ ಉಳುತ್ತಾರೆ, ಸೂರ್ಯೋದಯಕ್ಕೆ ಮಲಗುತ್ತಾರೆ. ಅಲ್ಲಿಗೆ ಒಬ್ಬ ಗುರು ಮತ್ತು ಅವನ ಶಿಷ್ಯ ಬರುತ್ತಾರೆ. ಪೇಟೆಯಲ್ಲಿ ಅಕ್ಕಿಯಾಗಲಿ ಬಾಳೆಹಣ್ಣಾಗಲಿ ಎಲ್ಲಕ್ಕೂ ಬೆಲೆ ಒಂದೇ ದುಡ್ಡು. ಗುರುವಿಗೆ ಭಯವಾಗುತ್ತದೆ, ಇಲ್ಲಿರುವುದು ಬೇಡ ಎನ್ನುತ್ತಾನೆ. ಶಿಷ್ಯನಿಗೆ ಅಗ್ಗದ ಊಟದ ಆಸೆ, ಉಳಿದುಬಿಡುತ್ತಾನೆ.

ಒಂದು ದಿನ ಕಳ್ಳನೊಬ್ಬ ಶ್ರೀಮಂತ ವರ್ತಕನ ಮನೆಗೆ ಕನ್ನ ಕೊರೆಯುವಾಗ ಗೋಡೆ ಕುಸಿದು ಸಾಯುತ್ತಾನೆ. ಕಳ್ಳನ ಅಣ್ಣ ಅರಸನಲ್ಲಿ ದೂರು ಕೊಡುತ್ತಾನೆ: ತಮ್ಮನು ತನ್ನ ಕುಲಕಸುಬನ್ನು ಮಾಡುತ್ತಿದ್ದಾಗ ಕೆಟ್ಟ ಗೋಡೆ ಅವನನ್ನು ಕೊಂದಿತು, ನ್ಯಾಯ ಬೇಕು. ಅರಸನು ವರ್ತಕನನ್ನು ಕರೆಯಿಸುತ್ತಾನೆ. ವರ್ತಕನು ಗೋಡೆ ಕಟ್ಟಿದವನನ್ನು ತೋರಿಸುತ್ತಾನೆ. ಕಟ್ಟಿದವನು, ಅಂದು ಗೆಜ್ಜೆ ಕಟ್ಟಿಕೊಂಡ ನರ್ತಕಿಯೊಬ್ಬಳು ಬೀದಿಯಲ್ಲಿ ಓಡಾಡುತ್ತಿದ್ದುದರಿಂದ ತನ್ನ ಗಮನ ಕೆಟ್ಟಿತು ಎನ್ನುತ್ತಾನೆ. ನರ್ತಕಿ, ಆಭರಣ ಮಾಡಿಕೊಡದೆ ತನ್ನನ್ನು ಹತ್ತಾರು ಸಲ ಅಲೆದಾಡಿಸಿದ ಅಕ್ಕಸಾಲಿಗನನ್ನು ದೂರುತ್ತಾಳೆ. ಅಕ್ಕಸಾಲಿಗನು, ಶ್ರೀಮಂತ ವರ್ತಕನೊಬ್ಬನ ಅವಸರದ ಕೆಲಸವೇ ಕಾರಣವೆನ್ನುತ್ತಾನೆ. ವಿಚಾರಿಸಿದರೆ ಆ ವರ್ತಕ ಮೊದಲು ಬಂದವನ ತಂದೆ; ಅವನು ಸತ್ತುಹೋಗಿದ್ದಾನೆ. ತಂದೆಯ ಆಸ್ತಿಯೊಂದಿಗೆ ತಂದೆಯ ಅಪರಾಧವೂ ಮಗನಿಗೆ ಬರಬೇಕೆಂದು ತೀರ್ಪಾಗುತ್ತದೆ. ಹೊಸದಾಗಿ ಶೂಲ ಸಿದ್ಧವಾಗುತ್ತದೆ. ಆದರೆ ವರ್ತಕನು ಶೂಲಕ್ಕೆ ಹೊಂದದಷ್ಟು ತೆಳ್ಳಗಿದ್ದಾನೆ. ಶೂಲವನ್ನು ಬದಲಿಸುವ ಆಲೋಚನೆ ಯಾರಿಗೂ ಬರುವುದಿಲ್ಲ. ಅದಕ್ಕೆ ಹೊಂದುವ ದಪ್ಪ ಮನುಷ್ಯನನ್ನು ಹುಡುಕುತ್ತಾರೆ. ಅಗ್ಗದ ಊಟದಿಂದ ಮೈಬೆಳೆಸಿದ ಶಿಷ್ಯ ಸಿಕ್ಕಿಬೀಳುತ್ತಾನೆ.

ಗುರು ಓಡಿಬಂದು, ಮೊದಲು ತಾನು ಸಾಯಬೇಕೆಂದು ಶಿಷ್ಯನೊಡನೆ ಜಗಳವಾಡುತ್ತಾನೆ. ಕಾರಣ ಕೇಳಿದ ಅರಸನಿಗೆ, ಈ ಶೂಲದಲ್ಲಿ ಮೊದಲು ಸತ್ತವನು ಮುಂದಿನ ಜನ್ಮದಲ್ಲಿ ಇದೇ ರಾಜ್ಯದ ಅರಸನಾಗುವನೆಂದೂ ಎರಡನೆಯವನು ಮಂತ್ರಿಯಾಗುವನೆಂದೂ ಹೇಳುತ್ತಾನೆ. ಅರಸ ಮತ್ತು ಮಂತ್ರಿ ಆ ರಾತ್ರಿ ವೇಷ ಮರೆಸಿಕೊಂಡು ತಾವೇ ಶೂಲಕ್ಕೇರುತ್ತಾರೆ. ಜನರು ಗುರುಶಿಷ್ಯರನ್ನು ರಾಜ್ಯವಾಳಲು ಬೇಡಿಕೊಳ್ಳುತ್ತಾರೆ. ಹಗಲು ಮತ್ತೆ ಹಗಲಾಗುತ್ತದೆ.

ಇದೇ ಕಥೆಯ ಇನ್ನೊಂದು ರೂಪವನ್ನು ಹಿಂದಿಯಲ್ಲಿ ಭಾರತೇಂದು ಹರಿಶ್ಚಂದ್ರರು 1881ರಲ್ಲಿ ‘ಅಂಧೇರ್ ನಗರಿ’ ಎಂಬ ನಾಟಕವಾಗಿ ಬರೆದರು. ಅಲ್ಲಿ ಗೋಡೆಯ ಕೆಳಗೆ ಸಾಯುವುದು ಒಂದು ಮೇಕೆ. ಕೊನೆಯಲ್ಲಿರುವುದು ನೇಣಿನ ಕುಣಿಕೆ. ನಮ್ಮ ತರಗತಿಯ ದಖನಿ ಮಾತನಾಡುವ ಮಕ್ಕಳಲ್ಲಿ ಕೆಲವರು ಆ ನಗರಿಯ ಹೆಸರನ್ನು ಮನೆಯಲ್ಲಿ ಗಾದೆಯಾಗಿ ಕೇಳಿರುತ್ತಾರೆ. ಅವರಿಗೆ ಮೊದಲು ಹೇಳಲು ಅವಕಾಶ ಕೊಡಬೇಕು. ಎರಡು ರೂಪಗಳನ್ನು ಹೋಲಿಸಿದರೆ ಕನ್ನಡದ ರೂಪ ಹೆಚ್ಚು ಹರಿತವಾದುದೆಂದು ನನ್ನ ಅಭಿಪ್ರಾಯ. ಮೇಕೆ ನಿರಪರಾಧಿ, ಅದರ ಸಾವಿಗೆ ಯಾರಾದರೂ ಹೊಣೆಯಾಗಲೂಬಹುದು. ಕಳ್ಳನ ಸಾವಿಗೆ ಮನೆಯವನನ್ನೇ ಹೊಣೆ ಮಾಡಿದಾಗ, ವಿಚಾರಣೆಯ ಮೊದಲ ಪ್ರಶ್ನೆಯೇ ತಪ್ಪಾಗಿದ್ದರೆ ಮುಂದಿನ ಎಲ್ಲ ಪ್ರಶ್ನೆಗಳೂ ಕ್ರಮಬದ್ಧವಾಗಿ ತಪ್ಪುತ್ತಲೇ ಹೋಗುತ್ತವೆ ಎಂಬುದು ಮಗುವಿಗೂ ಕಾಣುತ್ತದೆ.

ನಗೆ ಯಾರ ಮೇಲೆ?

ಕಥೆ ಹೇಳಿ ಮುಗಿಸಿದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ ಇದೊಂದೇ: ನೀವು ಯಾರನ್ನು ನೋಡಿ ನಕ್ಕಿರಿ? ಬಹುಪಾಲು ಮಕ್ಕಳು ಅರಸನೆನ್ನುತ್ತಾರೆ. ಅದು ಸರಿಯಾದರೂ ಅಲ್ಲಿಗೆ ನಿಲ್ಲುವಂತಿಲ್ಲ. ಅರಸನು ಮೂರ್ಖನೆಂದು ಹೇಳಿಬಿಟ್ಟರೆ, ಜಾಣ ಅರಸನೊಬ್ಬನು ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ಅರ್ಥ ಉಳಿಯುತ್ತದೆ. ಆದ್ದರಿಂದ ವಿಚಾರಣೆಯ ಸರಪಳಿಯನ್ನು ಕಪ್ಪುಹಲಗೆಯ ಮೇಲೆ ಬರೆಯಿಸಬೇಕು: ಕಳ್ಳ, ವರ್ತಕ, ಗೋಡೆ ಕಟ್ಟಿದವನು, ನರ್ತಕಿ, ಅಕ್ಕಸಾಲಿಗ, ಸತ್ತ ತಂದೆ, ಮತ್ತೆ ವರ್ತಕ, ಕೊನೆಗೆ ಶಿಷ್ಯ. ಪ್ರತಿಯೊಬ್ಬರ ಮುಂದೆ ಎರಡು ಸಂಗತಿಗಳನ್ನು ಬರೆಯಿಸಬೇಕು. ಅವನು ಹೇಳಿದ ಮಾತು ನಿಜವೇ, ಅದು ಕೇಳಿದ ಪ್ರಶ್ನೆಗೆ ಉತ್ತರವೇ? ಆಗ ಸ್ವಾರಸ್ಯವೊಂದು ಹೊರಬರುತ್ತದೆ. ಸರಪಳಿಯಲ್ಲಿ ಯಾರೂ ಸುಳ್ಳು ಹೇಳಿದಂತೆ ಕಾಣುವುದಿಲ್ಲ. ನರ್ತಕಿ ಅಲೆದಾಡಿರಬಹುದು, ಅಕ್ಕಸಾಲಿಗ ತಡಮಾಡಿರಬಹುದು. ಎಲ್ಲ ಮಾತುಗಳೂ ನಿಜವಾಗಿದ್ದು ತೀರ್ಪು ಮಾತ್ರ ಘೋರ ಅನ್ಯಾಯವಾಗಬಹುದು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಇದು ಗಂಭೀರವಾದ ಅರಿವು. ಅದು ಅವನಿಗೆ ದೊರೆಯುವುದು ನಗೆಯ ಮೂಲಕ.

ಶೂಲದ ಪ್ರಸಂಗದಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕು. ಅಪರಾಧಿಗೆ ತಕ್ಕ ಶಿಕ್ಷೆಯ ಬದಲು ಶಿಕ್ಷೆಗೆ ತಕ್ಕ ಅಪರಾಧಿಯನ್ನು ಹುಡುಕಿದರು ಎಂಬುದನ್ನು ಮಕ್ಕಳೇ ತಮ್ಮ ಮಾತಿನಲ್ಲಿ ಹೇಳುವವರೆಗೆ ಕಾಯಬೇಕು. ಶಿಕ್ಷಕರು ಮೊದಲೇ ಹೇಳಿದರೆ ಪಾಠ ಕೆಟ್ಟಿತು.

ಆಮೇಲೆ ಎರಡನೆಯ ಪ್ರಶ್ನೆ. ಶಿಷ್ಯನನ್ನು ನೋಡಿ ಕಥೆ ನಗುತ್ತದೆಯೇ? ನಗುತ್ತದೆ, ಮತ್ತು ಅದೇ ಈ ಕಥೆಯ ಅತ್ಯಂತ ಕಹಿಯಾದ ನಗೆ. ಹಗಲು ರಾತ್ರಿಯಾದದ್ದು ಶಿಷ್ಯನಿಗೆ ಗೊತ್ತು. ಇಲ್ಲಿ ಬುದ್ಧಿಗೆ ಬೆಲೆಯಿಲ್ಲವೆಂದು ಗುರು ಹೇಳಿದ್ದೂ ಗೊತ್ತು. ಆದರೂ ಒಂದು ದುಡ್ಡಿಗೆ ಹೊಟ್ಟೆ ತುಂಬುವಾಗ ಮೂರ್ಖ ಆಜ್ಞೆಗಳಿಂದ ತನಗೇನು ಎಂದು ಅವನು ಭಾವಿಸುತ್ತಾನೆ. ಅನ್ಯಾಯವು ಬೇರೆಯವರ ಮನೆಯ ಗೋಡೆಯ ಬಳಿ ನಡೆಯುವವರೆಗೆ ಅವನಿಗೆ ಅದು ಕಾಣುವುದಿಲ್ಲ. ತಾನು ಉಂಡ ಅನ್ನವೇ ತನ್ನನ್ನು ಶೂಲಕ್ಕೆ ಸರಿಹೊಂದುವಂತೆ ಮಾಡಿತೆಂದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ತರಗತಿಯಲ್ಲಿ ದಪ್ಪನೆಯ ಮಗುವೊಂದಿದ್ದರೆ ಇತರರು ಆ ಮಗುವಿನ ಕಡೆ ತಿರುಗಿ ನಗುವ ಸಂಭವವುಂಟು. ಕಥೆ ನಗುವುದು ಶಿಷ್ಯನ ಮೈಯನ್ನಲ್ಲ, ಅವನ ಲೆಕ್ಕಾಚಾರವನ್ನು. ಇದನ್ನು ಕಥೆ ಆರಂಭಿಸುವ ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ನರ್ತಕಿಯ ಪ್ರಸಂಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ಗಂಡಸಿನ ಕೈ ತಪ್ಪಿದ್ದಕ್ಕೆ ಬೀದಿಯಲ್ಲಿ ನಡೆದ ಹೆಣ್ಣು ಕಾರಣಳಾದಳು ಎಂಬ ವಾದವನ್ನು ಅರಸನು ಒಪ್ಪಿಕೊಂಡನಲ್ಲ, ಅದು ಸರಿಯೇ ಎಂದು ಹುಡುಗಿಯರನ್ನು ಕೇಳಿ ನೋಡಿ. ಉತ್ತರಕ್ಕೆ ಬಹಳ ಹೊತ್ತು ಕಾಯಬೇಕಾಗದು.

ಮೂರನೆಯವರು ಪ್ರಜೆಗಳು. ಡೆನ್ಮಾರ್ಕಿನ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಚಕ್ರವರ್ತಿಯ ಹೊಸ ಬಟ್ಟೆಯ ಕಥೆಯಲ್ಲಿ, ಅರಸನ ಮೈಮೇಲೆ ಬಟ್ಟೆಯೇ ಇಲ್ಲವೆಂದು ಒಂದು ಮಗು ಹೇಳಿಬಿಡುತ್ತದೆ. ನಮ್ಮ ಕಥೆಯಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಕತ್ತಲೆಯಲ್ಲಿ ನೇಗಿಲು ಹಿಡಿದ ರೈತರು ಏಕೆ ಸುಮ್ಮನಿದ್ದರು? ಭಯದಿಂದಲೇ, ಅಭ್ಯಾಸದಿಂದಲೇ, ಎಲ್ಲರೂ ಸುಮ್ಮನಿರುವುದರಿಂದಲೇ? ಇದಕ್ಕೆ ಒಂದೇ ಉತ್ತರವಿಲ್ಲ. ಉತ್ತರಗಳನ್ನು ಹಲಗೆಯ ಮೇಲೆ ಬರೆದು ಬಿಟ್ಟುಬಿಡಬಹುದು.

ಗೌಡ, ಗಿಳಿ, ಲಿಲಿಪುಟ್

ಇನ್ನೊಂದು ಭಾಷೆಯಿಂದ ಬಂದ ವಿಡಂಬನೆಯನ್ನು ಕನ್ನಡದ ನೆಲಕ್ಕೆ ಹೇಗೆ ಇಳಿಸಬಹುದೆಂಬುದಕ್ಕೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆದರ್ಶ. ಬ್ರೌನಿಂಗ್ ಕವಿಯ 1842ರ ಮೂಲದಲ್ಲಿ ಮಾತಿಗೆ ತಪ್ಪುವವರು ಹ್ಯಾಮೆಲಿನ್ ಪಟ್ಟಣದ ಮೇಯರ್ ಮತ್ತು ನಗರಸಭೆಯವರು. ಕುವೆಂಪು ಅವರಲ್ಲಿ ಆ ಸ್ಥಾನಕ್ಕೆ ಹಳ್ಳಿಯ ಗೌಡ ಬಂದಿದ್ದಾನೆ. ನಗರಸಭೆಯನ್ನು ಕಂಡಿರದ ಮಗುವಿಗೂ ಗೌಡ ಗೊತ್ತು. ಇಲಿಗಳ ಕಾಟ ಇರುವಾಗ ಕೊಟ್ಟ ಮಾತು ಕಾಟ ಕಳೆದ ಮೇಲೆ ಏಕೆ ಹಗುರವಾಗುತ್ತದೆ ಎಂಬ ಪ್ರಶ್ನೆಯನ್ನು ನಾಲ್ಕನೆಯ ತರಗತಿಯಲ್ಲಿಯೂ ಕೇಳಬಹುದು. ಆ ಪದ್ಯವನ್ನು ಕೇವಲ ಇಲಿಗಳ ಪಟ್ಟಿಗಾಗಿ ಬಾಯಿಪಾಠ ಮಾಡಿಸುವುದು ಅದರ ಅರ್ಧವನ್ನು ಮಾತ್ರ ಕಲಿಸಿದಂತೆ.

ಶಿಕ್ಷಕರಾದ ನಾವು ತಪ್ಪದೆ ಓದಬೇಕಾದದ್ದು ರವೀಂದ್ರನಾಥ ಠಾಕೂರರು 1918ರಲ್ಲಿ ಬರೆದ ಗಿಳಿಯ ಕಥೆ. ಇದನ್ನು ಆಧರಿಸಿ ಬಿ. ವಿ. ಕಾರಂತರು ಕನ್ನಡ ಮಕ್ಕಳಿಗೆ ‘ಪಂಜರಶಾಲೆ’ ನಾಟಕವನ್ನು ಕೊಟ್ಟರು. ಹಾಡಿಕೊಂಡು ಹಾರುತ್ತಿದ್ದ ಹಕ್ಕಿಗೆ ವಿದ್ಯೆ ಬರಬೇಕೆಂದು ಅರಸನು ಅಪ್ಪಣೆ ಮಾಡುತ್ತಾನೆ. ಹೊಣೆ ಅವನ ಸೋದರಳಿಯಂದಿರದು. ಮೊದಲು ಚಿನ್ನದ ಪಂಜರವಾಗುತ್ತದೆ, ಅಕ್ಕಸಾಲಿಗನಿಗೆ ಬಹುಮಾನ. ಆಮೇಲೆ ಗ್ರಂಥಗಳ ಪ್ರತಿ ಮಾಡಿಸುತ್ತಾರೆ, ಲಿಪಿಕಾರರಿಗೆ ಸಂಭಾವನೆ. ಪಂಜರದ ಉಸ್ತುವಾರಿಗೆ ಜನ, ಆ ಜನರ ಉಸ್ತುವಾರಿಗೆ ಇನ್ನಷ್ಟು ಜನ. ಅರಸನ ತನಿಖೆಯ ದಿನ ವಾದ್ಯಗಳ ಅಬ್ಬರ. ಹಿಂದಿರುಗುವಾಗ ನಿಂದಕನೊಬ್ಬ, ಹಕ್ಕಿಯನ್ನು ನೋಡಿದಿರಾ ಎಂದು ಕೇಳಿದ ಮೇಲೆಯೇ ಅರಸನಿಗೆ ಅದರ ನೆನಪು. ಹಕ್ಕಿಗೆ ಕಾಳಿಲ್ಲ, ನೀರಿಲ್ಲ; ಗಂಟಲಿಗೆ ಹಾಳೆಗಳನ್ನು ತುರುಕಲಾಗುತ್ತಿದೆ. ಹಕ್ಕಿ ಯಾವಾಗ ಸತ್ತಿತೆಂದು ಯಾರಿಗೂ ತಿಳಿಯುವುದಿಲ್ಲ. ವಿದ್ಯಾಭ್ಯಾಸ ಪೂರ್ಣವಾಯಿತೆಂದು ಮಾತ್ರ ವರದಿಯಾಗುತ್ತದೆ.

ಆರನೆಯ ತರಗತಿಯ ಮಕ್ಕಳು ಈ ಕಥೆಯಲ್ಲಿ ಗಿಳಿಗಾಗಿ ಮರುಗುತ್ತಾರೆ. ಎಂಟನೆಯ ತರಗತಿಯವರು ಲೆಕ್ಕ ಹಾಕುತ್ತಾರೆ: ಗಿಳಿಯ ಹೆಸರಿನಲ್ಲಿ ಯಾರ್ಯಾರಿಗೆ ಏನೇನು ಸಿಕ್ಕಿತು, ಗಿಳಿಗೆ ಏನು ಸಿಕ್ಕಿತು? ಈ ಲೆಕ್ಕದ ಪಟ್ಟಿಯನ್ನು ಮಾಡಿಸುವುದು ಉತ್ತಮ ಅಭ್ಯಾಸ. ಕನ್ನಡ ಮಾತೃಭಾಷೆಯ ಮಗುವಿನ ಹಾಜರಿ, ನಮೂನೆ, ವರದಿಗಳನ್ನು ತುಂಬುತ್ತಾ ಕುಳಿತಾಗ ನಮಗೂ ಆ ನಿಂದಕನ ಪ್ರಶ್ನೆ ಕೇಳಿಸಿದರೆ ಕೆಡುಕೇನಿಲ್ಲ.

ವಿಡಂಬನೆ ಮಕ್ಕಳ ಪುಸ್ತಕವಾಗುವಾಗ ಸತ್ತುಹೋಗುವುದೂ ಉಂಟು. ಸ್ವಿಫ್ಟನು 1726ರಲ್ಲಿ ಬರೆದ ಗಲಿವರನ ಪ್ರವಾಸದ ಲಿಲಿಪುಟ್ ದೇಶದಲ್ಲಿ ಹಗ್ಗದ ಮೇಲೆ ಚೆನ್ನಾಗಿ ಕುಣಿದವರಿಗೆ ಉನ್ನತ ಪದವಿ ಸಿಗುತ್ತದೆ. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂಬ ವಾದಕ್ಕೆ ನೆರೆಯ ದೇಶದೊಡನೆ ಯುದ್ಧವೇ ನಡೆಯುತ್ತದೆ. ಮಕ್ಕಳಿಗಾಗಿ ಸಂಗ್ರಹಿಸುವಾಗ ಸಾಮಾನ್ಯವಾಗಿ ಉಳಿಯುವುದು ದಾರಗಳಿಂದ ಬಿಗಿದ ದೈತ್ಯನ ಚಿತ್ರ ಮಾತ್ರ. ಗ್ರಂಥಾಲಯದಲ್ಲಿರುವ ಆವೃತ್ತಿಯಲ್ಲಿ ಹಗ್ಗದ ಕುಣಿತ ಇಲ್ಲದಿದ್ದರೆ ಶಿಕ್ಷಕರು ಬಾಯಿಮಾತಿನಲ್ಲಿ ಸೇರಿಸಬಹುದು.

ಶಿಕ್ಷಕರ ಸಂಕೋಚ

ತರಬೇತಿಗಳಲ್ಲಿ ಈ ವಿಷಯ ಬಂದಾಗಲೆಲ್ಲ ಒಂದು ಶಂಕೆ ಎದ್ದೇ ಏಳುತ್ತದೆ. ನಾವು ಸರ್ಕಾರಿ ನೌಕರರು, ನಡತೆ ನಿಯಮಗಳಿವೆ, ತರಗತಿಯಲ್ಲಿ ರಾಜಕೀಯ ಬೇಡ. ಶಂಕೆ ಸಕಾರಣವಾದದ್ದೇ. ಪಕ್ಷದ ಪರ-ವಿರೋಧಗಳಿಗೆ ತರಗತಿಯಲ್ಲಿ ಎಡೆಯಿಲ್ಲ, ಇರಲೂಬಾರದು. ಆದರೆ ಕಥೆಯ ಅರಸನಿಗೆ ಹೆಸರಿಲ್ಲ ಎಂಬುದನ್ನು ಗಮನಿಸಬೇಕು. ಹೆಸರಿಲ್ಲದ ಅರಸನೇ ಶಿಕ್ಷಕರಿಗೂ ಮಕ್ಕಳಿಗೂ ರಕ್ಷಣೆ. ಇವನು ಇಂಥವರೇ ಅಲ್ಲವೇ ಎಂದು ಮಗುವೊಂದು ಯಾರದ್ದಾದರೂ ಹೆಸರು ಹೇಳಿದರೆ, ಗದರಿಸುವುದೂ ತಪ್ಪು, ಒಪ್ಪುವುದೂ ತಪ್ಪು. ‘ಕಥೆಯಲ್ಲಿ ಅರಸನು ಮಾಡಿದ್ದೇನು, ಅದನ್ನು ಹೇಳು’ ಎಂದು ಮಗುವನ್ನು ಪಠ್ಯಕ್ಕೆ ಮರಳಿಸಿದರೆ ಸಾಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವು ಮಗುವನ್ನು ಭಯ ಮತ್ತು ಆತಂಕಗಳಿಂದ ಮುಕ್ತಗೊಳಿಸಿ, ತನ್ನ ಅಭಿಪ್ರಾಯವನ್ನು ಸ್ವತಂತ್ರವಾಗಿ ಹೇಳಲು ನೆರವಾಗಬೇಕೆಂದು ವಿಧಿಸುತ್ತದೆ. ನಮ್ಮ ಪಾಠ ಅದರ ಪರಿಧಿಯೊಳಗೇ ಇದೆ.

ನಮ್ಮ ಭಾಗದ ಮಕ್ಕಳಿಗೆ ಈ ಪಾಠ ಬೇಕೆನ್ನಲು ಇನ್ನೊಂದು ಕಾರಣವೂ ಉಂಟು. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಿಂದ ಅವು ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಸೌಕರ್ಯ ಕಲ್ಪಿಸಬೇಕೆಂಬ ಸಂವಿಧಾನದ 350ಎ ವಿಧಿಯೂ ಅದೇ 1956ರಲ್ಲಿ ಬಂದದ್ದು. ತನ್ನ ಊರು ಯಾವ ಜಿಲ್ಲೆಗೆ ಸೇರಿತು, ತನ್ನ ಶಾಲೆಯಲ್ಲಿ ಯಾವ ಮಾಧ್ಯಮ ಇರುತ್ತದೆ ಎಂಬ ತೀರ್ಮಾನಗಳು ದೂರದ ಕಚೇರಿಗಳಲ್ಲಿ ಆಗುತ್ತವೆಂದು ಗಡಿಯ ಮಗುವಿಗೆ ಬೇಗ ತಿಳಿಯುತ್ತದೆ. ಆ ತೀರ್ಮಾನಗಳು ಒಳ್ಳೆಯವೋ ಕೆಟ್ಟವೋ ಎಂದು ನಾವು ಹೇಳಬೇಕಾದ್ದಿಲ್ಲ. ಒಂದು ಆಜ್ಞೆ ಬಂದಾಗ ಇದನ್ನು ಯಾರು ಮಾಡಿದರು, ಯಾವ ಕಾರಣಕ್ಕೆ, ಇದರಿಂದ ಯಾರಿಗೆ ಏನಾಗುತ್ತದೆ ಎಂದು ಕೇಳುವ ಅಭ್ಯಾಸ ಮಗುವಿಗಿರಬೇಕು. ಆ ಅಭ್ಯಾಸವನ್ನು ಹಗಲನ್ನು ರಾತ್ರಿ ಮಾಡಿದ ಅರಸನಿಂದ ಆರಂಭಿಸುವುದು ಎಲ್ಲಕ್ಕಿಂತ ನಿರಪಾಯಕರ.

ಪಾಠದ ಕ್ರಮ

ಮೂರು ಅವಧಿಗಳು ಸಾಕು. ಮೊದಲನೆಯ ಅವಧಿಯಲ್ಲಿ ಕಥೆಯನ್ನು ಹೇಳಬೇಕು, ಓದಿಸಬಾರದು. ಸ್ಥಳೀಯ ಬದಲಾವಣೆಗಳಿಗೆ ಹಿಂಜರಿಯಬೇಕಾದ್ದಿಲ್ಲ. ತಾಂಡೂರಿನ ಮಗುವಿಗೆ ಇಟ್ಟಿಗೆಗಿಂತ ಹಾಸುಬಂಡೆ ಹತ್ತಿರದ್ದು. ಅಲ್ಲಿ ಗೋಡೆ ಕಲ್ಲಿನದಾಗಲಿ, ಒಂದು ದುಡ್ಡಿಗೆ ಸೇರು ತೊಗರಿಬೇಳೆ ಸಿಗಲಿ. ಜಹೀರಾಬಾದಿನಲ್ಲಿ ಕಬ್ಬು, ಶುಂಠಿ ಎರಡೂ ಒಂದೇ ಬೆಲೆಗೆ ಮಾರಾಟವಾಗಲಿ. ಶುಂಠಿ ಬೆಳೆಯುವ ಮನೆಯ ಮಗು ತಕ್ಷಣವೇ, ಹಾಗಾದರೆ ಶುಂಠಿಯನ್ನು ಯಾರು ಬೆಳೆಯುತ್ತಾರೆ ಎಂದು ಕೇಳಬಹುದು. ಆ ಮಗು ಕಥೆಯೊಳಗೆ ಪ್ರವೇಶಿಸಿತೆಂದೇ ಅರ್ಥ.

ಎರಡನೆಯ ಅವಧಿ ಮೇಲೆ ಹೇಳಿದ ಸರಪಳಿಗೆ ಮತ್ತು ಪ್ರಶ್ನೆಗಳಿಗೆ ಮೀಸಲು. ಇಲ್ಲಿ ಭಾಷಾಪಾಠವನ್ನೂ ಸೇರಿಸಬಹುದು. ಅರ್ಜಿ, ಹುಕುಂ, ಫರ್ಮಾನು, ತಾಕೀತು, ಜಾರಿ, ರುಜುವಾತು, ದಾಖಲೆ, ಖುಲಾಸೆ, ಹಾಜರಿ ಮುಂತಾದ ಪದಗಳನ್ನು ಹಲಗೆಯ ಮೇಲೆ ಬರೆಯಿರಿ. ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮರ ಸಂಸ್ಥಾನದಲ್ಲಿ ನಮ್ಮ ಮೂರು ಊರುಗಳೂ ಇದ್ದವು. ಈ ಪದಗಳು ಇಲ್ಲಿ ಕನ್ನಡ, ತೆಲುಗು, ದಖನಿ ಮೂರರಲ್ಲೂ ಬೇರೆ ಬೇರೆ ಉಚ್ಚಾರಣೆಯಲ್ಲಿ ಓಡಾಡುತ್ತವೆ. ಮನೆಯಲ್ಲಿ ಯಾವುದನ್ನು ಹೇಗೆ ಹೇಳುತ್ತಾರೆಂದು ಕೇಳಿದರೆ ಲಂಬಾಣಿ, ಮರಾಠಿ ಮಾತನಾಡುವ ಮಕ್ಕಳೂ ಬಾಯಿಬಿಡುತ್ತಾರೆ. ಅಧಿಕಾರದ ಭಾಷೆಯ ಧಾಟಿಯನ್ನು ಗುರುತಿಸುವುದು ವಿಡಂಬನೆಯನ್ನು ಗ್ರಹಿಸಲು ಅವಶ್ಯ. ಅಸಂಬದ್ಧವಾದ ಸಂಗತಿಯನ್ನು ಗಂಭೀರವಾದ ಕಚೇರಿಯ ಭಾಷೆಯಲ್ಲಿ ಹೇಳಿದಾಗ ನಗೆ ಹುಟ್ಟುತ್ತದೆ. ಗ್ರಾಮ್ಯ ಭಾಷೆಯಲ್ಲಿ ಹೇಳಿದರೆ ಅರ್ಧ ನಗೆ ಹಾರಿಹೋಗುತ್ತದೆ.

ಮೂರನೆಯ ಅವಧಿಯಲ್ಲಿ ಮಕ್ಕಳು ನಾಲ್ಕು ನಾಲ್ಕು ಜನ ಕೂಡಿ ತಮ್ಮದೇ ಒಂದು ಫರ್ಮಾನನ್ನು ಬರೆಯಲಿ. ಮಳೆ ಬರುವ ಮುನ್ನ ಅರ್ಜಿ ಹಾಕಿ ಅಪ್ಪಣೆ ಪಡೆಯತಕ್ಕದ್ದು. ಬಾವಿಯ ನೀರು ಮೇಲಿನಿಂದ ಕೆಳಗೆ ತುಂಬತಕ್ಕದ್ದು. ಪರೀಕ್ಷೆಯ ಉತ್ತರಗಳನ್ನು ಪ್ರಶ್ನೆಗಳಿಗಿಂತ ಮೊದಲು ಬರೆಯತಕ್ಕದ್ದು. ಆಜ್ಞೆಗೆ ಒಂದು ಕಾರಣ, ಜಾರಿ ಮಾಡುವ ಒಬ್ಬ ಅಧಿಕಾರಿ, ಮೀರಿದವರಿಗೆ ಒಂದು ಶಿಕ್ಷೆ ಇರಬೇಕು. ಆಮೇಲೆ ಆ ಆಜ್ಞೆ ಜಾರಿಯಾದ ಮೊದಲ ದಿನ ಊರಿನಲ್ಲಿ ಏನಾಯಿತೆಂದು ಹತ್ತು ವಾಕ್ಯಗಳಲ್ಲಿ ಬರೆಯಬೇಕು. ಇದರಲ್ಲಿಯೇ ವಿಡಂಬನೆಯ ಯಂತ್ರ ಅಡಗಿದೆ. ತಪ್ಪು ಆಧಾರವೊಂದನ್ನು ಒಪ್ಪಿಕೊಂಡು ಅದರ ಹಿಂದೆ ಒಂದು ಹೆಜ್ಜೆಯೂ ತಪ್ಪದೆ ನಡೆಯುವುದು. ನಿಬಂಧನೆಗಳು ಎರಡು. ಬದುಕಿರುವ ಯಾರ ಹೆಸರೂ ಬರಕೂಡದು. ಯಾರ ಮೈ, ಜಾತಿ, ಧರ್ಮ, ಮಾತಿನ ತೊದಲು ಅಥವಾ ಬಡತನ ನಗೆಗೆ ವಸ್ತುವಾಗಕೂಡದು. ಎರಡನೆಯ ನಿಬಂಧನೆಯನ್ನು ಮೀರಿದ ಬರಹವನ್ನು ತಿರಸ್ಕರಿಸುವ ಬದಲು, ‘ಈ ವಾಕ್ಯ ಆಜ್ಞೆ ಮಾಡಿದವನನ್ನು ನಗುತ್ತದೆಯೋ, ಆಜ್ಞೆಗೆ ಸಿಕ್ಕವನನ್ನು ನಗುತ್ತದೆಯೋ?’ ಎಂದು ಗುಂಪನ್ನೇ ಕೇಳಿ ತಿದ್ದಿಸಬೇಕು.

ತಾವೂ ಒಂದು ಫರ್ಮಾನನ್ನು ಬರೆದು ಓದುವುದು ಒಳ್ಳೆಯದು. ಅದು ಶಿಕ್ಷಕರ ಬಗೆಗೇ ಇದ್ದರೆ ಮಕ್ಕಳಿಗೆ ಧೈರ್ಯ ಬರುತ್ತದೆ.

ಮೌಲ್ಯಮಾಪನ

‘ಈ ಕಥೆಯ ನೀತಿಯೇನು?’ ಎಂಬ ಪ್ರಶ್ನೆಯನ್ನು ಪ್ರಶ್ನಪತ್ರಿಕೆಯಿಂದ ಕೈಬಿಡಬೇಕೆಂದು ನನ್ನ ಆಗ್ರಹ. ಅದಕ್ಕೆ ಮಾರ್ಗದರ್ಶಿ ಪುಸ್ತಕದ ಉತ್ತರ ಸಿಗುತ್ತದೆ, ಮಗುವಿನ ಉತ್ತರ ಸಿಗುವುದಿಲ್ಲ. ಬದಲಿಗೆ, ಸರಪಳಿಯಲ್ಲಿ ಎಲ್ಲಿ ನಿಲ್ಲಿಸಿದ್ದರೆ ನ್ಯಾಯ ಸಿಗುತ್ತಿತ್ತು ಎಂದು ಕೇಳಬಹುದು. ಕಳ್ಳನ ಅಣ್ಣನ ದೂರನ್ನೇ ಸ್ವೀಕರಿಸಬಾರದಿತ್ತು ಎನ್ನುವ ಮಗುವಿಗೆ ಪೂರ್ಣಾಂಕ ಕೊಡಬಹುದು. ದೂರನ್ನು ಸ್ವೀಕರಿಸಬೇಕಿತ್ತು, ಗೋಡೆ ದುರ್ಬಲವಾಗಿದ್ದುದನ್ನು ಮಾತ್ರ ವಿಚಾರಿಸಬೇಕಿತ್ತು ಎಂದು ಕಾರಣ ಸಹಿತ ವಾದಿಸುವ ಮಗುವಿಗೂ ಪೂರ್ಣಾಂಕ ಕೊಡಬೇಕು. ಅಂಕ ಕಾರಣಕ್ಕೆ, ನಿಲುವಿಗಲ್ಲ.

ಕಥೆಯ ಮುಕ್ತಾಯವನ್ನು ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲಿ ಚರ್ಚೆಗೆ ಇಡಬೇಕು. ಗುರು ಸುಳ್ಳು ಹೇಳಿ ಅರಸನನ್ನು ಸಾಯಿಸಿದನು. ಇದು ನ್ಯಾಯವೇ, ಉಪಾಯವೇ? ಜನರು ಗುರುವನ್ನು ಬೇಡಿಕೊಂಡು ಅರಸನನ್ನಾಗಿ ಮಾಡಿದರು. ಆದರೆ ಗುರು ತಪ್ಪು ಮಾಡಿದರೆ ಅವನನ್ನು ತಡೆಯುವವರು ಯಾರು? ಈ ಕಥೆಗೆ ಗೊತ್ತಿರುವ ಪರಿಹಾರವೆಂದರೆ ಕೆಟ್ಟ ಅರಸನ ಬದಲು ಒಳ್ಳೆಯ ಅರಸ. ಸಮಾಜ ವಿಜ್ಞಾನದ ಪಾಠದಲ್ಲಿ ಮಕ್ಕಳು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಓದಿರುತ್ತಾರೆ. ನಮ್ಮ ಕಥೆಯಲ್ಲಿ ಆಜ್ಞೆ ಮಾಡಿದವನು, ಜಾರಿ ಮಾಡಿದವನು, ತೀರ್ಪು ಕೊಟ್ಟವನು ಮೂವರೂ ಒಬ್ಬನೇ ಎಂಬುದನ್ನು ಅವರು ಕಂಡುಕೊಂಡರೆ, ಕನ್ನಡದ ಅವಧಿಯಿಂದ ಸಮಾಜ ವಿಜ್ಞಾನದ ಅವಧಿಗೆ ಒಂದು ಬಾಗಿಲು ತೆರೆದಂತಾಗುತ್ತದೆ. ಆ ವಿಷಯದ ಶಿಕ್ಷಕರಿಗೆ ಮೊದಲೇ ತಿಳಿಸಿ, ಅದೇ ವಾರ ಆ ಪಾಠ ಬರುವಂತೆ ಹೊಂದಿಸಿಕೊಳ್ಳಬಹುದು.

ಮಕ್ಕಳು ಬರೆದ ಫರ್ಮಾನುಗಳನ್ನು ಗೋಡೆಯ ಮೇಲೆ ಅಂಟಿಸಿ, ಒಂದು ವಾರ ಹಾಗೆಯೇ ಬಿಡಿ. ಪ್ರತಿ ಫರ್ಮಾನಿನ ಕೆಳಗೆ ಖಾಲಿ ಹಾಳೆಯೊಂದಿರಲಿ. ಬೇರೆ ತರಗತಿಯವರು ಬಂದು ಓದಿ, ಆ ಆಜ್ಞೆಯ ಬಗ್ಗೆ ತಮ್ಮ ಅರ್ಜಿಯನ್ನು ಅದರಲ್ಲಿ ಬರೆಯಲಿ.